ಹಾಗಲವಾಡಿಯ ದನ, ಮೈಸೂರಿನ ತೋಪು



ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ಮೈಸೂರಿನ ಅಧೀನದಲ್ಲಿ ತುಮಕೂರು ಸೀಮೆಯ ಪಾಳೆಯಗಾರರು’ ಎಂದು ಅಚ್ಚಾಗಿದೆ. ವಂಶಾವಳಿ ಕೇಳೋಣ ಎಂದು ಬಂದವರಿಗೆ ಸ್ವಲ್ಪ ನಿರಾಸೆಯಾದೀತು. ಅದನ್ನೆಲ್ಲ ರೈಸ್ ಸಾಹೇಬರು ಗೆಜೆಟಿಯರಿನಲ್ಲಿ ಬರೆದಿಟ್ಟು ಹೋಗಿದ್ದಾರೆ, ಗ್ರಂಥಾಲಯದಲ್ಲಿ ಸಿಗುತ್ತದೆ. ನಾನು ಈ ಸಂಜೆ ಮಾತಾಡುವುದು ದನಗಳ ಬಗ್ಗೆ.

ಇತಿಹಾಸವನ್ನು ಒಂದೇ ಉಸಿರಿಗೆ ಹೇಳಿ ಮುಗಿಸುತ್ತೇನೆ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಶಿರಾ ಹಿಡಿದ. 1678ರಲ್ಲಿ ಚಿಕ್ಕದೇವರಾಜ ಒಡೆಯರು ಮಧುಗಿರಿ ತೆಗೆದುಕೊಂಡರು. 1687ರಲ್ಲಿ ಶಿರಾ ಮೊಗಲರ ಸುಬಾ ಆಯಿತು. ಮರಾಠರು ಬಂದರು, ಹೋದರು, ಮತ್ತೆ ಬಂದರು. 1761ರಲ್ಲಿ ಹೈದರ್ ಶಿರಾದ ನವಾಬ ಎನಿಸಿಕೊಂಡ. ಇಷ್ಟು ಜನ ದೊಡ್ಡವರ ನಡುವೆ ಹಾಗಲವಾಡಿ, ಹೊಸಹಳ್ಳಿ, ನಿಡುಗಲ್ಲುಗಳ ಸಣ್ಣ ಒಡೆಯರು ಒಬ್ಬರಿಗೆ ಕಪ್ಪ ಕಟ್ಟಿ, ಇನ್ನೊಬ್ಬರಿಗೆ ಕೈಮುಗಿದು ದಿನ ದೂಡಿದರು. 1770ರಲ್ಲಿ ಪೇಶ್ವೆ ಮಾಧವರಾಯ ನಮ್ಮ ಪಕ್ಕದ ನಿಜಗಲ್ಲನ್ನು ಮುತ್ತಿದಾಗ ಚಿತ್ರದುರ್ಗದ ನಾಯಕನ ಪಡೆ ಮರಾಠರ ಜೊತೆ ನಿಂತಿತ್ತು. ಒಂಬತ್ತು ವರ್ಷಕ್ಕೆ ಹೈದರನ ಕೈಯಲ್ಲಿ ದುರ್ಗವೇ ಬಿತ್ತು. ಅದನ್ನು ನಾನು ಹೇಳಬೇಕಿಲ್ಲ, ತ.ರಾ.ಸು. ಅವರ ‘ದುರ್ಗಾಸ್ತಮಾನ’ ಓದದವರು ಈ ಸಭೆಯಲ್ಲಿ ಕಡಿಮೆ.

ಹಾಗಲವಾಡಿಗೆ ಒಬ್ಬ ತ.ರಾ.ಸು. ಸಿಗಲಿಲ್ಲ. ಗುಬ್ಬಿ ತಾಲ್ಲೂಕಿನ ಆ ಊರಿನ ನಾಯಕರು ಒಂದು ಕಾಲಕ್ಕೆ ಎಷ್ಟು ಬಲವಾಗಿದ್ದರು ಎಂದರೆ ಚಿಕ್ಕನಾಯಕನಹಳ್ಳಿಗೆ ಹೆಸರು ಬಂದದ್ದೇ ಆ ಮನೆತನದವನಿಂದ. ಹೈದರನ ಕಾಲಕ್ಕೆ ಅವರ ಆಟ ಮುಗಿಯಿತು. ಆದರೆ ಪಶುಸಂಗೋಪನೆಯವರ ಪುಸ್ತಕಗಳಲ್ಲಿ ಹಾಗಲವಾಡಿಯ ಹೆಸರು ಇನ್ನೂ ಇದೆ. ಅಮೃತಮಹಲ್ ತಳಿಯ ಬಗ್ಗೆ ಯಾವ ಹಳೆಯ ವಿವರಣೆ ತೆರೆದರೂ ಸಿಗುವ ಮಾತು ಇದು: ಈ ತಳಿ ಮೂರು ಬಗೆಯ ದನಗಳಿಂದ ಆದದ್ದು. ಹಳ್ಳಿಕಾರ್ ಒಂದು, ಚಿತ್ರದುರ್ಗದ್ದು ಒಂದು, ಮೂರನೆಯದು ಹಾಗಲವಾಡಿ.

ನನ್ನ ವಾದವೆಲ್ಲ ಈ ಒಂದು ಸಾಲಿನ ಮೇಲೆ ನಿಂತಿದೆ. ದುರ್ಗವೂ ಹಾಗಲವಾಡಿಯೂ ಎರಡು ಪಾಳೆಯಪಟ್ಟುಗಳು, ಎರಡನ್ನೂ ಮೈಸೂರು ನುಂಗಿತು. ನುಂಗಿದ ಮೇಲೆ ಅವುಗಳ ದನ ಮೈಸೂರಿನ ತೋಪಿನ ಬಂಡಿಗೆ ಕಟ್ಟಿಸಿಕೊಂಡವು. ಕೋಟೆಯ ಮೇಲೆ ಬಾವುಟ ಬದಲಾಯಿಸುವುದು ಒಂದು ಬೆಳಗಿನ ಕೆಲಸ. ಒಂದು ಸೀಮೆ ಇನ್ನೊಂದು ಸೀಮೆಯೊಳಗೆ ನಿಜವಾಗಿ ಬೆರೆತದ್ದು ತಿಳಿಯಬೇಕಾದರೆ ದನ ಯಾವ ಹುಲ್ಲು ಮೇಯಿತು, ಯಾರ ನೊಗಕ್ಕೆ ಹೋಯಿತು ಎಂದು ನೋಡಬೇಕು.

ಈ ದನ ಮೇಯಲು ಮೀಸಲಿಟ್ಟ ಹುಲ್ಲುಗಾವಲುಗಳಿಗೆ ಕಾವಲು ಎಂದು ಹೆಸರು. ಕಾವಲುಗಳ ವ್ಯವಸ್ಥೆ ಚಿಕ್ಕದೇವರಾಜರ ‘ಬೆಣ್ಣೆ ಚಾವಡಿ’ಯಿಂದ ಬಂದದ್ದು. ಅರಮನೆಗೆ ಹಾಲು ಬೆಣ್ಣೆ ಒದಗಿಸುವ ಇಲಾಖೆ ಅದು. ಹೈದರ್ ಅದನ್ನು ಯುದ್ಧದ ಇಲಾಖೆ ಮಾಡಿದ, ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಇದರ ಜಾಣತನ ಇರುವುದು ಹುಲ್ಲಿನಲ್ಲಿ. ಮಳೆಗಾಲದ ಕಾವಲು ಬೇರೆ, ಚಳಿಗಾಲದ್ದು ಬೇರೆ, ಬೇಸಿಗೆಯದು ಬೇರೆ. ಕೆರೆಯ ಹಿಂಭಾಗದ ತೇವದ ನೆಲ, ಮರದ ನೆರಳಿದ್ದರೆ ಬೇಸಿಗೆಗೆ. ಉಳಿದ ಕಾಲದಲ್ಲಿ ಬಯಲು. ಸೇರ್ವೇಗಾರರ, ಅಂದರೆ ಮಂದೆಯ ಮೇಲ್ವಿಚಾರಕರ, ಕೈಕೆಳಗೆ ಮಂದೆಗಳು ಕಾವಲಿಂದ ಕಾವಲಿಗೆ ನಡೆಯುತ್ತಿದ್ದವು. ಹಾಸನ, ತುಮಕೂರು, ಚಿತ್ರದುರ್ಗ, ಚಿಕ್ಕಮಗಳೂರು ಎಂದು ಈಗ ನಾವು ಜಿಲ್ಲೆ ಹೆಸರಿಡುವ ಕಡೆಗಳಲ್ಲೆಲ್ಲ ಈ ಕಾವಲುಗಳಿದ್ದವು. ಒಬ್ಬ ನಾಯಕನ ಗಡಿ ದಾಟಿ ಇನ್ನೊಬ್ಬನ ಸೀಮೆಗೆ ಹೋಗಬೇಕಾದರೆ ವರ್ತಕ ಸುಂಕ ಕಟ್ಟಬೇಕಿದ್ದ ಕಾಲ ಅದು. ಸರ್ಕಾರದ ದನಕ್ಕೆ ಗಡಿಯೇ ಇರಲಿಲ್ಲ. ಈ ಎತ್ತುಗಳ ಬಲದಿಂದಲೇ ಹೈದರನ ಪಡೆ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ 100 ಮೈಲಿ ನಡೆಯಿತು ಎಂದು ಆಮೇಲಿನ ಇಂಗ್ಲಿಷರು ಬೆರಗಿನಿಂದ ಬರೆದರು. ಶತ್ರುವಿನ ಹೊಗಳಿಕೆಯಾದ್ದರಿಂದ ಸ್ವಲ್ಪ ನಂಬಬಹುದು.

ಇಲ್ಲಿ ನಮ್ಮ ಮೇಷ್ಟ್ರನ್ನು ನೆನೆಯದೆ ಮುಂದೆ ಹೋಗಲಾರೆ. ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದರು, ಬೀಡಿ ಸೇದುತ್ತಿದ್ದರು, ಇಸವಿ ಕೇಳಿದರೆ ಸಿಟ್ಟಾಗುತ್ತಿದ್ದರು. ಮೈಸೂರು ಯುದ್ಧಗಳ ಪಾಠ ಬಂದರೆ ಕಪ್ಪು ಹಲಗೆಯ ಬಲತುದಿಯಲ್ಲಿ ಒಂದು ತೋಪು ಬರೆಯುತ್ತಿದ್ದರು. ಅದರ ಮುಂದೆ ಒಂದು ಜೊತೆ ಎತ್ತು, ಅದರ ಮುಂದೆ ಇನ್ನೊಂದು ಜೊತೆ. ಹಲಗೆ ಮುಗಿಯುವ ತನಕ ಬರೆಯುತ್ತಲೇ ಹೋಗುವರು. ಆಮೇಲೆ ಸೀಮೆಸುಣ್ಣ ಕೆಳಗಿಟ್ಟು, ‘ಇವಕ್ಕೆ ಹುಲ್ಲು ಹಾಕಿದೋರು ಯಾರು, ಹೇಳ್ರಯ್ಯ’ ಅನ್ನುವರು. ಉತ್ತರ ಅವರೂ ಹೇಳಲಿಲ್ಲ. ಗಂಟೆ ಹೊಡೆಯುತ್ತಿತ್ತು. ನಾನು ಇಷ್ಟು ವರ್ಷ ಮಾಡಿದ್ದು ಆ ಹೋಂವರ್ಕನ್ನೇ.

ಈಗ ಜಗಳದ ವಿಷಯಕ್ಕೆ ಬರುತ್ತೇನೆ. ಸೆಮಿನಾರುಗಳಲ್ಲಿ ನನಗೆ ಎದುರಾಗುವ ವಾದ ಒಂದಿದೆ. ಪಾಳೆಯಗಾರರೆಂದರೆ ಕೊಳ್ಳೆ ಹೊಡೆಯುವವರು, ಮೈಸೂರು ಬಂದದ್ದರಿಂದ ದಾರಿ ಕ್ಷೇಮವಾಯಿತು, ವ್ಯಾಪಾರ ಬೆಳೆಯಿತು ಎನ್ನುವುದು ಅದು. ಇದನ್ನು ಹೇಳುವವರು ಬೆಂಗಳೂರಿನಿಂದ ಬಂದವರಾಗಿರುತ್ತಾರೆ ಎಂಬುದು ನನ್ನ ಅನುಭವ, ತಪ್ಪು ತಿಳಿಯಬೇಡಿ. ನಾನು ಅವರಿಗೆ ಗುಬ್ಬಿಯನ್ನು ತೋರಿಸುತ್ತೇನೆ. ಗುಬ್ಬಿಯನ್ನು ಕಟ್ಟಿದವನು ಪಕ್ಕದ ಹೊಸಹಳ್ಳಿಯ ಗೌಡ ಎನ್ನುತ್ತಾರೆ. ಮಲೆನಾಡಿನ ಅಡಿಕೆ ಆರ್ಕಾಟು ಸೀಮೆಯ ವಾಲಾಜಾಪೇಟೆಗೆ ಇಳಿಯುವ ದಾರಿಯಲ್ಲಿ ಕೂತ ಊರು. ಅದರ ಸಂತೆಗೆ ದೂರದೂರದ ಕೋಮಟಿಗರೂ ಲಿಂಗಾಯತ ಬಣಜಿಗರೂ ಬರುತ್ತಿದ್ದರು. ನಾಟಕ ಕಂಪನಿ ಬರುವುದಕ್ಕೆ ಎಷ್ಟೋ ಮೊದಲೇ ಗುಬ್ಬಿ ಹೆಸರಾಗಿದ್ದು ಸಂತೆಯಿಂದ.

ಈ ಹೊಸಹಳ್ಳಿ ಗೌಡನ ಮೇಲೆ ಮೈಸೂರಿನ ಒಡೆಯರು ಹೊರಿಸಿದ ಕಪ್ಪ ವರ್ಷಕ್ಕೆ 500 ವರಹ. ಹೈದರ್ ಅದನ್ನು 2,500 ಮಾಡಿದ. ಐದು ಪಟ್ಟು. ಗೌಡ ಒಡೆಯ ಹೋಗಿ ಗುತ್ತಿಗೆದಾರನಾದ. ಟಿಪ್ಪು ಬಂದು ಗುತ್ತಿಗೆಯನ್ನೂ ಕಿತ್ತುಕೊಂಡ. ಅಷ್ಟೇ ಅಲ್ಲ, ಈಸ್ಟ್ ಇಂಡಿಯಾ ಕಂಪನಿಯ ಸೀಮೆಯ ಜೊತೆ ವ್ಯಾಪಾರ ಕೂಡದು ಎಂದು ಟಿಪ್ಪು ತಡೆ ಹಾಕಿದಾಗ ಪೆಟ್ಟು ಬಿದ್ದದ್ದು ವಾಲಾಜಾಪೇಟೆಯ ದಾರಿಗೇ. ದೊಡ್ಡ ರಾಜ್ಯದ ಯುದ್ಧ ನೀತಿಗೆ ನಮ್ಮ ಸಂತೆ ಬಲಿ. ದಾರಿ ಕ್ಷೇಮವಾಯಿತು, ಸರಿ. ಆ ದಾರಿಯ ತುದಿಯಲ್ಲಿದ್ದ ಪೇಟೆಯನ್ನು ಮುಚ್ಚಿದ ಮೇಲೆ ಕ್ಷೇಮ ಯಾರಿಗೆ?

ಇಷ್ಟು ಹೇಳಿದರೆ ನನ್ನನ್ನು ಮೈಸೂರಿನ ವಿರೋಧಿ ಎನ್ನುತ್ತಾರೆ. ಹಾಗಲ್ಲ. ಹೊಸಹಳ್ಳಿ ಗೌಡ ಹತ್ತಿದ ಮೆಟ್ಟಿಲನ್ನೇ ಮೈಸೂರು ಆಮೇಲೆ ಹತ್ತಿತು, ಅಥವಾ ಇಳಿಯಿತು. 1799ರ ಒಪ್ಪಂದದಲ್ಲಿ ಮೈಸೂರು ತನ್ನ ರಕ್ಷಣೆಗೆಂದು ಕಂಪನಿಗೆ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ ಕೊಡಬೇಕಾಯಿತು. ರೂಪಾಯಿ ಲೆಕ್ಕದಲ್ಲಿ ಇಪ್ಪತ್ತನಾಲ್ಕೂವರೆ ಲಕ್ಷ. 1807ರಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲೇ ಅದರ ಮೇಲೆ 4,000 ಕುದುರೆ ಸವಾರರನ್ನು ಸಾಕುವ ಹೊಣೆ. 1831ರಲ್ಲಿ ಆಡಳಿತವೇ ಕೈತಪ್ಪಿತು. 1881ರಲ್ಲಿ ರಾಜ್ಯ ಮರಳಿ ಬಂದಾಗ ಕಪ್ಪವನ್ನು 35 ಲಕ್ಷಕ್ಕೆ ಏರಿಸಿದ್ದರು. ಏರಿಕೆಯ ಭಾಗವನ್ನು ಮಾತ್ರ 1896ರ ತನಕ ತಡೆಹಿಡಿದರು. ಮೊದಲು ಕಪ್ಪ, ಆಮೇಲೆ ಸೈನ್ಯ, ಕೊನೆಗೆ ನೆಲ. ಗೌಡನಿಗೆ ಮೈಸೂರು ಮಾಡಿದ್ದನ್ನು ಮೈಸೂರಿಗೆ ಕಂಪನಿ ಮಾಡಿತು. ಬೇರೆ ದೇಶಗಳಲ್ಲೂ ಇದರ ನಮೂನೆ ಉಂಟು: 1834ರಲ್ಲಿ ಪ್ರಷ್ಯಾದ ಕೆಳಗೆ ಜರ್ಮನ್ ಸಣ್ಣ ರಾಜ್ಯಗಳು ಒಂದೇ ಸುಂಕಕ್ಕೆ ಒಪ್ಪಿದವು, 1871ರ ಹೊತ್ತಿಗೆ ಒಂದೇ ಚಕ್ರವರ್ತಿಯ ಕೆಳಗೆ ಬಂದಿದ್ದವು. ಅಲ್ಲಿ ಒಪ್ಪಿಗೆಯ ಸಹಿಯಾದರೂ ಇತ್ತು. ನಮ್ಮ ಗೌಡನ ಸಹಿ ಯಾರು ಕೇಳಿದರು?

ದನಗಳ ಕಥೆಯೂ ಅದೇ ದಾರಿ ಹಿಡಿಯಿತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಮಂದೆ ಸೊರಗಿತು, 1813ರಲ್ಲಿ ಕಂಪನಿ ಒಬ್ಬ ಸೇನಾಧಿಕಾರಿಯನ್ನು ಇಟ್ಟು ತಾನೇ ನೋಡಿಕೊಂಡಿತು. 1860ರಲ್ಲಿ ಖರ್ಚು ಉಳಿಸಲು ಇಲಾಖೆ ಮುಚ್ಚಿ, ತೋಪೆಳೆಯುವ ಎತ್ತು ಸಿಗದೆ ಕೆಲವೇ ವರ್ಷಗಳಲ್ಲಿ ಮತ್ತೆ ತೆರೆದರು.

ಕುಣಿಗಲ್ಲಿನವರು ನನ್ನನ್ನೇ ನೋಡುತ್ತಿದ್ದಾರೆ, ಕುದುರೆ ಯಾವಾಗ ಬರುತ್ತದೆ ಎಂದು. ಬಂತು. ನಿಮ್ಮ ಸ್ಟಡ್ ಫಾರಂ ಟಿಪ್ಪುವಿನ ಅಶ್ವದಳಕ್ಕೆ ಎಂದು ಹುಟ್ಟಿದ್ದು. ಆಮೇಲೆ ಮೈಸೂರಿನ ಸಿಲ್ಲೇದಾರರಿಗೆ, ಅಂದರೆ ಒಪ್ಪಂದದ ಆ ಸವಾರರಿಗೆ, ಕುದುರೆ ಬೆಳೆಸಿತು. ಕಂಪನಿಯ ಒಪ್ಪಂದದ ಭಾರ ಕುಣಿಗಲ್ ಕೆರೆಯ ಆಸುಪಾಸಿನ ಹುಲ್ಲಿನ ಮೇಲೆ ಬಿತ್ತು. 1992ರಲ್ಲಿ ಫಾರಂ ವಿಜಯ್ ಮಲ್ಯರ ಕಂಪನಿಗೆ ಗುತ್ತಿಗೆ ಹೋಗಿ ರೇಸ್ ಕುದುರೆಗಳ ಮನೆಯಾಯಿತು. ಈಗ ಅಲ್ಲಿ ಟೌನ್‌ಶಿಪ್ ಬೇಕೆ ಬೇಡವೆ ಎಂಬ ಗದ್ದಲ. ಬೇಡ ಎನ್ನುವವರ ಮನವಿಯಲ್ಲಿ ನನ್ನ ರುಜುವೂ ಇದೆ.

ಅಲ್ಲೇ ನನಗೆ ಸಿಕ್ಕು. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ಸುಮಾರು 10,000 ಎಕರೆ ಡಿಆರ್‌ಡಿಓ ಮೊದಲಾದ ಸಂಸ್ಥೆಗಳಿಗೆ ಹೋದಾಗ ಕುರಿಗಾಹಿಗಳ ಪರ ಮಾತಾಡಿದವರಲ್ಲಿ ನಾನೂ ಒಬ್ಬ. ನಮ್ಮ ಗುಬ್ಬಿಯ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಮೇಲೆ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಎದ್ದು 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದಾಗ ನಾನು ಏನೂ ಮಾತಾಡಲಿಲ್ಲ. ನನ್ನ ಶಿಷ್ಯರ ಮಕ್ಕಳಿಗೆ ಅಲ್ಲಿ ಕೆಲಸ ಸಿಗಲಿ ಎಂದು ಆಸೆಯಿತ್ತು, ಇದೆ. ಎರಡೂ ಕಡೆ ಹುಲ್ಲುಗಾವಲು, ಎರಡೂ ಕಡೆ ಸೈನ್ಯದ ಕೆಲಸ.

ಪ್ರಶ್ನೋತ್ತರಕ್ಕೆ ಮೊದಲು ನಾನೇ ನಾಲ್ಕು ಪ್ರಶ್ನೆ ಕೇಳಿಬಿಡುತ್ತೇನೆ, ಅಧ್ಯಕ್ಷರು ಕ್ಷಮಿಸಬೇಕು. ಮೈಸೂರಿಗೆ 500 ವರಹ ಕಟ್ಟದಿದ್ದರೆ ಹೊಸಹಳ್ಳಿ ಗೌಡ ಮರಾಠರಿಗೆ ಎಷ್ಟು ಕಟ್ಟಬೇಕಾಗುತ್ತಿತ್ತು? ಕಾವಲು ಉಳಿಯಲಿ ಎನ್ನುವ ನಾನು, ಆ ಕಾವಲನ್ನು ಊರ ದನಗಳಿಂದ ಬಿಡಿಸಿ ಸರ್ಕಾರದ ಮಂದೆಗೆ ಮೀಸಲಿಟ್ಟ ಬಲವನ್ನೇ ಪೂಜಿಸುತ್ತಿದ್ದೇನೆಯೆ? ಯಾವ ನಾಯಕನೂ ನುಂಗಿಸಿಕೊಳ್ಳದೆ ಉಳಿದಿದ್ದರೆ ಆ ಹುಲ್ಲು ಯಾರ ಹೊಲವಾಗಿ ಎಂದೋ ಉತ್ತುಹೋಗುತ್ತಿತ್ತು? ಬಿದರೆಹಳ್ಳದ ಬಗ್ಗೆ ಒಂದು ನ್ಯಾಯ, ಚಳ್ಳಕೆರೆಯ ಬಗ್ಗೆ ಇನ್ನೊಂದು ನ್ಯಾಯ ಇಟ್ಟುಕೊಂಡು ನಾನು ಬೆಂಗಳೂರಿನ ವಿದ್ವಾಂಸರನ್ನು ಹೇಗೆ ಬೈಯಲಿ?

ಮೈಕು ಹಿಂದಿನ ಸಾಲಿಗೆ ಕಳುಹಿಸುತ್ತೇನೆ. ಹಾಗಲವಾಡಿ ಕಡೆಯವರು ಯಾರಾದರೂ ಇದ್ದರೆ ಮೊದಲು ಅವರೇ ಮಾತಾಡಲಿ.