ಮನೆಯ ಮಾತು, ಶಾಲೆಯ ಮಾತು

ಮಗು ಶಾಲೆಗೆ ಸಿದ್ಧವಾಗಿದೆಯೇ ಎಂದು ಕೇಳುವುದು ಈಚೆಗೆ ಎಲ್ಲೆಡೆ ರೂಢಿಯಾಗಿದೆ. ಅಕ್ಷರ ಬಲ್ಲುದೇ, ಹತ್ತರವರೆಗೆ ಎಣಿಸಬಲ್ಲುದೇ, ಬಣ್ಣಗಳ ಹೆಸರನ್ನು ಹೇಳಬಲ್ಲುದೇ ಎಂದು ನೋಡಿ ಆ ಸಿದ್ಧತೆಯನ್ನು ಅಳೆಯುತ್ತೇವೆ. ಕಲಬುರಗಿಯಂಥ ನಾಡಿನಲ್ಲಿ ಈ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ನಿಂತಿರುತ್ತದೆ. ಅದನ್ನು ಕೇಳುವವರು ಮಾತ್ರ ಕಡಿಮೆ. ಮಗು ಸಿದ್ಧವಾಗಿರುವುದು ಯಾವ ಭಾಷೆಯಲ್ಲಿ?

1347ರಲ್ಲಿ ಬಹಮನಿ ಅರಸರ ರಾಜಧಾನಿಯಾದ ಈ ನಗರದಲ್ಲಿ ಕನ್ನಡದ ಜೊತೆಗೆ ದಖನಿ ಉರ್ದು ಶತಮಾನಗಳಿಂದ ಬಾಳಿದೆ. ತೆಲುಗು, ಮರಾಠಿಗಳು ಗಡಿ ದಾಟಿ ಬಂದು ನೆಲೆಸಿವೆ. ನಗರದಿಂದ ಹುಮನಾಬಾದಿನ ದಾರಿ ಹಿಡಿದರೆ 40 ಕಿಲೋಮೀಟರಿನೊಳಗೇ ಕಮಲಾಪುರ ಸಿಕ್ಕುತ್ತದೆ. ಕೆಂಪು ಬಾಳೆಗೆ ಹೆಸರಾದ, ಈಗ ತಾಲ್ಲೂಕು ಕೇಂದ್ರವೂ ಆಗಿರುವ ಊರು. ಸುತ್ತಲಿನ ಗುಡ್ಡದ ಓರೆಗಳಲ್ಲಿ ಲಂಬಾಣಿಗರ ತಾಂಡಾಗಳಿವೆ. ತಾಂಡಾದ ಕೂಸಿಗೆ ತಾಯಿಯೆಂದರೆ ‘ಯಾಡಿ’, ನೀರೆಂದರೆ ‘ಪಾಣಿ’, ರೊಟ್ಟಿಯೆಂದರೆ ‘ಬಾಟಿ’. ಐದಾರು ವರ್ಷ ಈ ಮಾತಿನಲ್ಲೇ ಹಸಿದು, ನಕ್ಕು, ಜಗಳವಾಡಿ ಬೆಳೆದ ಮಗು ಒಂದು ದಿನ ಬೆಳಗ್ಗೆ ಶಾಲೆಯ ಗೋಡೆಗೆ ಒರಗಿ ಕುಳಿತಾಗ, ಅದರ ಕಿವಿಯ ಮೇಲೆ ಬೀಳುವ ಶಬ್ದಗಳಲ್ಲಿ ಪರಿಚಯದವು ಎಷ್ಟು?

ದಖನಿ ಮನೆಯ ಮಗುವಿಗೆ ನಗರದಲ್ಲಿ ಉರ್ದು ಶಾಲೆಯೆಂಬ ಒಂದು ಮೆಟ್ಟಿಲಾದರೂ ಇದೆ. ಅಲ್ಲಿನ ಪುಸ್ತಕದ ಉರ್ದು ಅದರ ಮನೆಯ ದಖನಿಯಲ್ಲ, ನಿಜ; ಆದರೂ ದೂರ ಕಡಿಮೆ. ಲಂಬಾಣಿ ಮಗುವಿಗೆ ಆ ಮೆಟ್ಟಿಲೂ ಇಲ್ಲ. ಆ ಭಾಷೆಗೆ ತನ್ನದೇ ಆದ ರೂಢಿಯ ಲಿಪಿಯಿಲ್ಲ. ಬರೆಯುವವರು ಕನ್ನಡ, ದೇವನಾಗರಿ, ತೆಲುಗು ಲಿಪಿಗಳನ್ನು ಆಶ್ರಯಿಸುತ್ತಾರೆ. 2011ರ ಜನಗಣತಿಯಲ್ಲಿ ಲಂಬಾಣಿಯನ್ನು ತಾಯ್ನುಡಿಯೆಂದು ಹೇಳಿಕೊಂಡವರು ದೇಶದಲ್ಲಿ 32 ಲಕ್ಷಕ್ಕೂ ಮಿಕ್ಕಿ ಇದ್ದರು. ಆದರೆ ಗಣತಿಯ ಲೆಕ್ಕದಲ್ಲಿ ಅವರೆಲ್ಲ ಹಿಂದಿಯ ಹೊಟ್ಟೆಗೆ ಸೇರಿದ್ದಾರೆ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಬೋಧನೆಗೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ. ವಿಧಿ ಹೇಳಿದ್ದು ತಾಂಡಾದ ದಿಬ್ಬವನ್ನು ಹತ್ತಿ ಬರುವುದು ನಿಧಾನ.

ಇಲ್ಲೊಂದು ಮಾತನ್ನು ನಡುವೆ ಸೇರಿಸಬೇಕು. ಕನ್ನಡ ಮನೆಯ ಮಗುವೂ ಈ ಭಾಗದಲ್ಲಿ ಅರೆಪಾಲು ದ್ವಿಭಾಷಿಯೇ. ‘ಬರ್ತಾನ’, ‘ಹೋಗ್ಯಾನ’ ಎಂದು ಆಡಿದ ನಾಲಗೆಗೆ ಪುಸ್ತಕದ ‘ಬರುತ್ತಾನೆ’, ‘ಹೋಗಿದ್ದಾನೆ’ ಕೊಂಚ ಹೊರಗಿನ ಮಾತೇ ಸರಿ. ಅದನ್ನು ‘ಅಶುದ್ಧ’ವೆಂದು ತಿದ್ದುವ ಅವಸರದಲ್ಲಿ ಮಗುವಿನ ಬಾಯಿಯನ್ನೇ ಮುಚ್ಚಿಸಿದ ಸಂದರ್ಭಗಳು ಕೇಳುಗರಲ್ಲಿ ಅನೇಕರಿಗೆ ನೆನಪಿರಬಹುದು.

ಬೇರೆ ಭಾಷೆಯ ಮನೆಯಿಂದ ಬಂದ ಮಗು ಮೊದಲ ಕೆಲವು ತಿಂಗಳು ಮಾತನಾಡದೆ ಇರುವುದುಂಟು. ಭಾಷಾಶಾಸ್ತ್ರಜ್ಞರು ಇದನ್ನು ಮೌನದ ಅವಧಿ ಎನ್ನುತ್ತಾರೆ. ಮಗು ಆಗ ಸುಮ್ಮನಿರುವುದಿಲ್ಲ, ಕೇಳಿಸಿಕೊಳ್ಳುತ್ತಿರುತ್ತದೆ; ಯಾವ ಶಬ್ದಕ್ಕೆ ಯಾರು ಏಳುತ್ತಾರೆ, ಯಾವ ಶಬ್ದಕ್ಕೆ ತಟ್ಟೆ ಬರುತ್ತದೆ ಎಂದು ಗುರುತು ಹಾಕಿಕೊಳ್ಳುತ್ತಿರುತ್ತದೆ. ನಾವು ಆ ಮೌನವನ್ನು ಮಂದಬುದ್ಧಿಯೆಂದು ಓದುತ್ತೇವೆ. ಮೇಕೆಮರಿಗಳನ್ನು ಮುಸ್ಸಂಜೆಯಲ್ಲಿ ಎಣಿಸಿ ಒಂದು ಕಡಿಮೆಯಾದರೆ ಕೂಗಿ ಹೇಳುವ ಮಗುವಿಗೆ, ತರಗತಿಯಲ್ಲಿ ಕನ್ನಡದ ‘ಏಳು’ ನಾಲಗೆಗೆ ಬರಲಿಲ್ಲವೆಂದು ‘ಲೆಕ್ಕ ಬಾರದು’ ಎಂಬ ಹಣೆಪಟ್ಟಿ ಬೀಳುತ್ತದೆ. ಎರಡು ಭಾಷೆಯ ಮಗುವಿನ ಶಬ್ದಭಂಡಾರವನ್ನು ಎರಡೂ ಭಾಷೆಗಳಲ್ಲಿ ಕೂಡಿಸಿ ಎಣಿಸಬೇಕು. ಒಂದೇ ಚೀಲ ಬಿಚ್ಚಿ ನೋಡಿ ಬಡವನೆಂದು ತೀರ್ಮಾನಿಸಬಾರದು.

ಇದಕ್ಕಿಂತ ಹೆಚ್ಚಿನ ಹಾನಿ ಒಂದು ಹಿತವಚನದಿಂದ ಆಗುತ್ತದೆ. “ಮಗು ಮುಂದೆ ಬರಬೇಕಾದರೆ ಮನೆಯಲ್ಲಿಯೂ ಕನ್ನಡವನ್ನೇ ಆಡಿರಿ” ಎಂದು ಬಲ್ಲವರು ತಾಂಡಾದ ತಾಯಿಗೆ ಹೇಳುತ್ತಾರೆ. ಈಗೀಗ ಕನ್ನಡದ ಜಾಗದಲ್ಲಿ ಇಂಗ್ಲಿಷಿನ ಹೆಸರೂ ಕೇಳಿಬರುತ್ತಿದೆ. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಆ ತಾಯಿ ಅದನ್ನು ಪಾಲಿಸಿದರೆ ಏನಾಗುತ್ತದೆ? ತನಗೆ ಬರುವ ನಾಲ್ಕು ಕನ್ನಡ ಶಬ್ದಗಳಲ್ಲಿ ಅವಳು ‘ಬಾ, ಕೂಡು, ತಿನ್ನು, ಮಲಗು’ ಎನ್ನಬಲ್ಲಳು. ಕಥೆ ಹೇಳಲಾರಳು. ಮಳೆ ಏಕೆ ಬರಲಿಲ್ಲ, ಅಜ್ಜ ಏಕೆ ಸಿಟ್ಟಾದ, ನಾಳೆ ಸಂತೆಯಲ್ಲಿ ಏನು ತರೋಣ ಎಂದು ಮಗುವಿನೊಡನೆ ವಿಸ್ತಾರವಾಗಿ ಮಾತನಾಡಲಾರಳು. ಮಗುವಿನ ಬುದ್ಧಿ ಬೆಳೆಯುವುದು ಈ ‘ಏಕೆ’ಗಳ ಉತ್ತರದಲ್ಲಿ. ತಾಯಿ ತನ್ನ ಮಾತನ್ನು ಬಿಟ್ಟುಕೊಟ್ಟಾಗ ಮನೆಗೆ ಕನ್ನಡ ಬರುವುದಿಲ್ಲ, ಮಾತೇ ಕಡಿಮೆಯಾಗುತ್ತದೆ.

ಮೊದಲ ಭಾಷೆಯಲ್ಲಿ ಪಡೆದ ತಿಳಿವಳಿಕೆ ಎರಡನೆಯ ಭಾಷೆಗೆ ದಾಟಿ ಬರುತ್ತದೆಂಬುದನ್ನು ಕೆನಡಾದಲ್ಲಿ ಕೆಲಸ ಮಾಡಿದ ವಿದ್ವಾಂಸ ಜಿಮ್ ಕಮ್ಮಿನ್ಸ್ 1970ರ ದಶಕದ ಕೊನೆಯಲ್ಲಿ ಪ್ರತಿಪಾದಿಸಿದರು. ನಮ್ಮಲ್ಲೇ, 1969ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನದ ಮೊದಲ ನಿರ್ದೇಶಕ ಡಿ. ಪಿ. ಪಟ್ಟನಾಯಕರು ಬಹುಭಾಷಿಕತೆ ಈ ದೇಶದ ರೋಗವಲ್ಲ, ಆರೋಗ್ಯ ಎಂಬ ನಿಲುವನ್ನು ಬಹುಕಾಲ ಎತ್ತಿಹಿಡಿದರು. ‘ಒಂದು’ ಎಂದರೇನೆಂದು ತನ್ನ ಮಾತಿನಲ್ಲಿ ಅರಿತ ಮಗುವಿಗೆ ಕನ್ನಡದಲ್ಲಿ ಹೊಸದಾಗಿ ಕಲಿಯಬೇಕಾದದ್ದು ಶಬ್ದ ಮಾತ್ರ, ಸಂಖ್ಯೆಯ ಅರಿವನ್ನಲ್ಲ.

ಆರೋಗ್ಯವೆಂಬ ಮಾತು ಬಂತು. ಭಾಷೆಯ ಪ್ರಶ್ನೆಯನ್ನು ಕುಟುಂಬದ ಆರೋಗ್ಯದಿಂದ ಬೇರೆಯಾಗಿ ನೋಡುವುದು ನಮ್ಮ ಇಲಾಖೆಗಳ ವಿಂಗಡಣೆಗೆ ಅನುಕೂಲವಾದೀತು, ಮಗುವಿಗೆ ಅಲ್ಲ. ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ಕಿವಿ ಸೋರುವುದು ಚಿಕ್ಕ ಮಕ್ಕಳಲ್ಲಿ ಸಾಮಾನ್ಯವಾದ ತೊಂದರೆ. ನಾವು ಎಣ್ಣೆ ಬಿಟ್ಟು, ಹತ್ತಿ ತುರುಕಿ ಮರೆಯುತ್ತೇವೆ. ಅದು ಬಹುದಿನ ಉಳಿದರೆ ಶ್ರವಣಶಕ್ತಿ ಕುಗ್ಗುತ್ತದೆ. ಮನೆಯ ಭಾಷೆಯಲ್ಲಾದರೆ ಅರ್ಧ ಕೇಳಿಸಿದರೂ ಉಳಿದರ್ಧವನ್ನು ಮಗು ಊಹಿಸಿಕೊಳ್ಳುತ್ತದೆ. ಹೊಸ ಭಾಷೆಯಲ್ಲಿ ಆ ಊಹೆಗೆ ಆಧಾರವಿಲ್ಲ. ‘ತಲೆ’ಯೂ ‘ತೆಲೆ’ಯೂ, ‘ಹಳ್ಳ’ವೂ ‘ಹಲ್ಲ’ವೂ ಅದಕ್ಕೆ ಒಂದೇ. ಹೀಗೆ ಕಿವಿಯ ದೋಷ ಭಾಷೆಯ ದೋಷವಾಗಿ, ಭಾಷೆಯ ದೋಷ ಬುದ್ಧಿಯ ದೋಷವಾಗಿ ಎಣಿಕೆಯಾಗುತ್ತದೆ. ಎಣ್ಣೆ ಬಿಡದೆ ವೈದ್ಯರಿಗೆ ತೋರಿಸಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಗಳು ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸುವ ಏರ್ಪಾಡಿದೆ; ಆ ದಿನ ಮಗುವನ್ನು ಹೊಲಕ್ಕೆ ಕರೆದೊಯ್ಯದಿದ್ದರೆ ಅರ್ಧ ಕೆಲಸವಾದಂತೆ.

ರಕ್ತಹೀನತೆಯ ಮಾತೂ ಅಷ್ಟೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆಯಿತ್ತು. ಕಬ್ಬಿಣಾಂಶ ಸಾಲದ ಮಗು ಬೇಗ ದಣಿಯುತ್ತದೆ, ಗಮನವಿಟ್ಟು ಕೇಳಲಾರದು. ಹೊಸ ಭಾಷೆಯ ಮುಂದೆ ಕುಳಿತ ಮಗುವಿಗೆ ಬೇಕಾದದ್ದು ಆ ಗಮನವೇ. ತಾಯಿಯ ರಕ್ತದಿಂದಲೇ ಈ ಲೆಕ್ಕ ಆರಂಭವಾಗುತ್ತದೆ. 2017ರಲ್ಲಿ ರಾಜ್ಯ ಸರ್ಕಾರ ಗರ್ಭಿಣಿಯರಿಗೆ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆಯನ್ನು ತಂದದ್ದರ ಹಿನ್ನೆಲೆ ಇದು.

ಅಂಗನವಾಡಿಯ ಕಲ್ಪನೆಯಲ್ಲಿ ಇದೆಲ್ಲ ಮೊದಲಿನಿಂದ ಕೂಡಿಯೇ ಇತ್ತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗವಾಗಿ ಆರಂಭಗೊಂಡ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಿಂದ ಹೊರಟಿತು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ತಾಯಂದಿರಿಗೆ ತಿಳಿವಳಿಕೆ, ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ, ಎಲ್ಲವೂ ಒಂದೇ ಮಾಡಿನ ಕೆಳಗೆ. ಜನ ಅದನ್ನು ಉಪ್ಪಿಟ್ಟಿನ ಶಾಲೆಯೆಂದು ಹಾಸ್ಯ ಮಾಡುವುದುಂಟು. ಶಾಲೆಗೆ ಮೊದಲು ಉಪ್ಪಿಟ್ಟು ಬೇಕೆಂದು ಅರಿತ ಯೋಜನೆಯನ್ನು ನಾನಂತೂ ಹಾಸ್ಯ ಮಾಡಲಾರೆ.

ಬಹು ದೂರದ ಅಮೆರಿಕದಲ್ಲಿ ಇಂಥದೇ ಪ್ರಶ್ನೆ ಸ್ಪ್ಯಾನಿಷ್ ಮಾತನಾಡುವ ಲ್ಯಾಟಿನೋ ಕುಟುಂಬಗಳ ಸುತ್ತ ಎದ್ದಿದೆ. ಟೆಕ್ಸಾಸಿನ ಶಾಲೆಗಳಲ್ಲಿ ಸ್ಪ್ಯಾನಿಷ್ ಆಡಿದ ಮಕ್ಕಳನ್ನು ದಂಡಿಸುತ್ತಿದ್ದ ಕಾಲವೊಂದಿತ್ತು. ಕ್ಯಾಲಿಫೋರ್ನಿಯದ ಮತದಾರರು 1998ರಲ್ಲಿ ದ್ವಿಭಾಷಾ ಬೋಧನೆಗೆ ಕಡಿವಾಣ ಹಾಕಿ, 2016ರಲ್ಲಿ ಅದನ್ನು ತಾವೇ ತೆಗೆದರು. ಅಲ್ಲಿ 1965ರಲ್ಲಿ ಬಡಮಕ್ಕಳಿಗಾಗಿ ಆರಂಭವಾದ ಹೆಡ್ ಸ್ಟಾರ್ಟ್ ಕಾರ್ಯಕ್ರಮ ಊಟ, ವೈದ್ಯಕೀಯ ಪರೀಕ್ಷೆ, ಪಾಠ, ತಂದೆತಾಯಿಗಳ ಪಾಲುಗಾರಿಕೆಗಳನ್ನು ಜೊತೆಗೂಡಿಸಿಕೊಂಡಿತು. ಮನೆಯ ಭಾಷೆಗೂ ಆಸರೆ ಕೊಡಬೇಕೆಂದು ಅದರ 2016ರ ನಿಯಮಗಳು ಹೇಳುತ್ತವೆ. ಹಿಂದೆ ‘ಇಂಗ್ಲಿಷ್ ಸಾಲದವರು’ ಎನಿಸಿಕೊಂಡಿದ್ದ ಮಕ್ಕಳನ್ನು ಈಗ ‘ಎರಡು ಭಾಷೆ ಕಲಿಯುವವರು’ ಎನ್ನುತ್ತಾರೆ. ಮಗು ಅದೇ, ನೋಡುವವರು ತುಸು ಬದಲಾಗಿದ್ದಾರೆ. ‘ಬಾಗಿಲು ತೆರೆಯುವುದು’ ಎಂಬರ್ಥದ ಅಬ್ರಿಯೆಂದೊ ಪುಯೆರ್ತಾಸ್ ಎಂಬ ಪಾಲಕರ ತರಬೇತಿಯಲ್ಲಿ ತಾಯಂದಿರ ಕೂಟಗಳಿಗೆ ಅವರದೇ ಸ್ಪ್ಯಾನಿಷ್ ಗಾದೆಗಳನ್ನು ಆಧಾರವಾಗಿ ಇಟ್ಟುಕೊಂಡಿದ್ದಾರೆ. ಪೌಷ್ಟಿಕತೆಯ ಭಾಷಣಕ್ಕಿಂತ ಮೊದಲು ಅಜ್ಜಿಯ ಗಾದೆ! ಇದು ನಮಗೂ ಎಟುಕುವ ಉಪಾಯ.

ಕಮಲಾಪುರದ ತಾಂಡಾಗಳಲ್ಲಿ ಇದಕ್ಕೆ ದೊಡ್ಡ ಹಣವೇನೂ ಬೇಕಾಗಿಲ್ಲ. ಅಂಗನವಾಡಿ ಕಾರ್ಯಕರ್ತೆ ಸ್ಥಳೀಯಳೇ ಆಗಿರಬೇಕೆಂಬುದು ಯೋಜನೆಯ ಹಳೆಯ ನಿಯಮ. ‘ಸ್ಥಳೀಯ’ ಎಂಬುದಕ್ಕೆ ಊರಿನವಳು ಎಂಬ ಅರ್ಥದ ಜೊತೆಗೆ ಆ ಮಕ್ಕಳ ಭಾಷೆ ಬಲ್ಲವಳು ಎಂಬ ಅರ್ಥವನ್ನೂ ಸೇರಿಸಬೇಕು. ಕಾರ್ಯಕರ್ತೆಗೆ ಆ ಮಾತು ಬಾರದಲ್ಲಿ ಸಹಾಯಕಿಗಾದರೂ ಬಂದೀತು. ಅವಳನ್ನು ಒಲೆಯ ಮುಂದಿನಿಂದ ದಿನಕ್ಕೆ ಅರ್ಧ ಗಂಟೆ ಬಿಡಿಸಿ, ಮಕ್ಕಳ ನಡುವೆ ಕೂಡಿಸಿ, ತಾಂಡಾದ ಕಥೆಯೊಂದನ್ನು ಹೇಳಿಸಬಹುದು. ಅದೇ ಕಥೆಯನ್ನು ಮರುದಿನ ಕಾರ್ಯಕರ್ತೆ ಕನ್ನಡದಲ್ಲಿ ಹೇಳಲಿ. ಕಥೆ ಗೊತ್ತಿರುವುದರಿಂದ ಶಬ್ದಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ‘ಪಾಣಿ’ ಎಂದ ಮಗುವಿಗೆ ಮೊದಲು ನೀರು ಕೊಡಲಿ, ಕೊಡುತ್ತ ‘ನೀರು’ ಎನ್ನಲಿ. ಹಾಗೆ ನೋಡಿದರೆ ಪಕ್ಕದಲ್ಲಿ ಕುಳಿತ ದಖನಿ ಮನೆಯ ಮಗುವಿಗೂ ಅದು ‘ಪಾನಿ’ಯೇ, ಇಬ್ಬರೂ ಒಟ್ಟಿಗೆ ಕನ್ನಡದ ಶಬ್ದವನ್ನು ಕುಡಿಯುತ್ತಾರೆ.

ತಾಯಂದಿರ ಸಭೆಗಳ ರೀತಿಯೂ ಬದಲಾಗಬೇಕು. ಈಗ ಅವರು ಕೇಳಲು ಬರುತ್ತಾರೆ, ತಲೆಯಾಡಿಸಿ ಹೋಗುತ್ತಾರೆ. ತೊಗರಿಬೇಳೆ, ನುಗ್ಗೆಸೊಪ್ಪು, ಚುಚ್ಚುಮದ್ದಿನ ದಿನ ಇವನ್ನು ಅವರ ಭಾಷೆಯಲ್ಲಿಯೇ ಹೇಳಿ, ಆಮೇಲೆ ಅವರಿಂದ ಹೇಳಿಸಬೇಕು. ಓದು ಬಾರದ ತಾಯಿಗೂ ಚಿತ್ರದ ಪುಸ್ತಕ ತೋರಿಸಿ ಮಗುವಿಗೆ ಕಥೆ ಕಟ್ಟಲು ಬರುತ್ತದೆ. ತಂದೆಯರನ್ನು ಈ ಸಭೆಗಳಿಗೆ ಕರೆಯುವುದೇ ಇಲ್ಲ. ಏಕೆಂಬುದು ನನಗೆ ತಿಳಿಯದು.

ಕಠಿಣವಾದ ಮಾತು ವಲಸೆಯದು. ಸುಗ್ಗಿ ಮುಗಿದು, ಕೆಲವೊಮ್ಮೆ ಅದಕ್ಕೂ ಮೊದಲೇ, ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ, ಕಬ್ಬು ಕಡಿಯುವುದಕ್ಕೆ ಕುಟುಂಬಗಳು ಮಕ್ಕಳ ಸಮೇತ ಹೊರಡುತ್ತವೆ. ಕನ್ನಡ ಆಗತಾನೆ ಕಿವಿಗೆ ಹತ್ತಿದ್ದ ಮಗು ನಾಲ್ಕಾರು ತಿಂಗಳು ಮರಾಠಿಯನ್ನೋ ತೆಲುಗನ್ನೋ ಕೇಳುತ್ತ ಇಟ್ಟಿಗೆಯ ರಾಶಿಯ ನೆರಳಿನಲ್ಲಿ ಆಡುತ್ತದೆ. ತೂಕ ಇಳಿಯುತ್ತದೆ, ಚುಚ್ಚುಮದ್ದು ತಪ್ಪುತ್ತದೆ. ಅಜ್ಜ-ಅಜ್ಜಿಯರ ಬಳಿ ಮಗುವನ್ನು ಬಿಟ್ಟು ಹೋಗಲು ಒಪ್ಪುವ ಮನೆಗಳಿಗೆ ಅಂಗನವಾಡಿ ಸಂಜೆಯವರೆಗೆ ತೆರೆದಿರಬೇಕು. ಕರೆದುಕೊಂಡು ಹೋಗುವವರ ಕೈಯಲ್ಲಿ ತಾಯಿ ಕಾರ್ಡ್ ತಪ್ಪದೆ ಇರಬೇಕು. ಹೋದ ಊರಿನ ಅಂಗನವಾಡಿ ಆ ಕಾರ್ಡನ್ನು ನೋಡಿ ಮಗುವನ್ನು ಒಳಗೆ ಕರೆಯಬೇಕು. ಇದನ್ನು ತಾಂಡಾದ ತಾಯಿಯೊಬ್ಬಳು ಸಾಧಿಸಲಾರಳು, ಎರಡು ರಾಜ್ಯಗಳ ಇಲಾಖೆಗಳು ಸಾಧಿಸಬಹುದು.

ಇನ್ನು ಶಾಲೆಗೆ ಸೇರಿಸುವ ದಿನ. ದಾಖಲಾತಿ ಪುಸ್ತಕದಲ್ಲಿ ‘ಮಾತೃಭಾಷೆ’ ಎಂಬ ಅಂಕಣವೊಂದಿದೆ. ಅದನ್ನು ಊಹೆಯಿಂದ ತುಂಬದೆ, ಮಗುವಿನೊಡನೆ ಬಂದ ತಾಯಿಯನ್ನೇ ಕೇಳಿ ತುಂಬಬೇಕು. ಅಂಗನವಾಡಿ ಕಾರ್ಯಕರ್ತೆ ಆ ದಿನ ಜೊತೆಗಿದ್ದು, ಈ ಮಗುವಿನ ಕಿವಿ ಸೋರುತ್ತಿತ್ತು, ಈ ಮಗುವಿಗೆ ಹಾಡು ಬರುತ್ತದೆ, ಇದು ದೀಪಾವಳಿಯಿಂದ ಯುಗಾದಿಯವರೆಗೆ ಪುಣೆಯಲ್ಲಿತ್ತು ಎಂದು ಒಂದನೆಯ ತರಗತಿಯ ಶಿಕ್ಷಕರಿಗೆ ಹೇಳಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ ರಾಜ್ಯಕ್ಕೆಲ್ಲ ಹರಡಿದ ನಲಿ-ಕಲಿ ಪದ್ಧತಿಯಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲಿ ಮುಂದುವರಿಯಲು ಅವಕಾಶವಿದೆ. ಮೊದಲ ತಿಂಗಳುಗಳಲ್ಲಿ ಬಾಯಿ ತೆರೆಯದ ಮಗುವನ್ನು ಹಿಂದಿನ ಸಾಲಿಗೆ ಕಳಿಸದೆ, ತನ್ನ ಕಣ್ಣಳತೆಯಲ್ಲಿ, ಅದೇ ತಾಂಡಾದ ಮೂರನೆಯ ತರಗತಿಯ ಹುಡುಗಿಯೊಬ್ಬಳ ಪಕ್ಕದಲ್ಲಿ ಕೂಡಿಸಿಕೊಳ್ಳುವುದು ಶಿಕ್ಷಕರಿಂದ ಆಗಬೇಕಾದ ಕೆಲಸ.