ಸಕ್ಕರೆ ಬಟ್ಟಲಿನ ಮನೆ

ಅಮೆರಿಕದ ಶರ್ಲಿ ಜಾಕ್ಸನ್ 1962ರಲ್ಲಿ ಪ್ರಕಟಿಸಿದ ‘ವಿ ಹ್ಯಾವ್ ಆಲ್ವೇಸ್ ಲಿವ್ಡ್ ಇನ್ ದ ಕ್ಯಾಸಲ್’ ಕಾದಂಬರಿಯಲ್ಲಿ ದೆವ್ವದ ಸುಳಿವಿಲ್ಲ. ಆದರೂ ಭೂತಬಂಗಲೆಯ ಕಥೆ ಓದಿದಷ್ಟೇ ಓದುಗರು ಬೆಚ್ಚುತ್ತಾರೆ.

ದೊಡ್ಡ ಮನೆ. ಅಕ್ಕ ಕಾನ್‌ಸ್ಟನ್ಸ್, ತಂಗಿ ಮೆರಿಕ್ಯಾಟ್, ಗಾಲಿಕುರ್ಚಿಯ ಚಿಕ್ಕಪ್ಪ. ಆರು ವರ್ಷಗಳ ಹಿಂದೆ ಒಂದು ರಾತ್ರಿ ಸಕ್ಕರೆ ಬಟ್ಟಲಿನಲ್ಲಿ ಪಾಷಾಣ ಸೇರಿತ್ತು. ಹಣ್ಣಿನ ಮೇಲೆ ಆ ಸಕ್ಕರೆ ಉದುರಿಸಿಕೊಂಡು ತಿಂದವರಲ್ಲಿ ನಾಲ್ವರು ಸತ್ತರು. ಅಕ್ಕ ಸಕ್ಕರೆ ಮುಟ್ಟುವವಳಲ್ಲ. ತಂಗಿಗೆ ಅಂದು ಊಟವೇ ಇಲ್ಲ, ಶಿಕ್ಷೆಯಾಗಿ ಕೋಣೆಗೆ ಕಳಿಸಿದ್ದರು.

ವಿಷ ಹಾಕಿದ್ದು ಯಾರೆಂದು ಚುರುಕು ಓದುಗರು ಬೇಗ ಊಹಿಸುತ್ತಾರೆ. ಸೋಜಿಗವೆಂದರೆ, ತಿಳಿದ ಮೇಲೂ ಅನೇಕರು ಮೆರಿಕ್ಯಾಟ್‌ಳ ಪಕ್ಷ ಬಿಡುವುದಿಲ್ಲ! ಮುಂದೆ ಮನೆಗೆ ಬೆಂಕಿ ಬಿದ್ದಾಗ ಅದನ್ನು ಆರಿಸಲು ಬಂದ ಅಗ್ನಿಶಾಮಕ ಮುಖ್ಯಸ್ಥನೇ ಮೊದಲ ಕಲ್ಲೆಸೆದು, ಊರವರೆಲ್ಲ ಒಳನುಗ್ಗಿ ಪಾತ್ರೆ ಪಗಡ ಒಡೆಯುವಾಗ, ಕೊಲೆಗಿಂತ ಆ ಗುಂಪೇ ಭಯಂಕರವಾಗಿ ಕಾಣುತ್ತದೆ.

ಇನ್ನು ಕೆಲವರನ್ನು ಕಾಡುವುದು ಅಕ್ಕ. ಎಲ್ಲ ಗೊತ್ತಿದ್ದೂ ತಂಗಿಗೆ ದಿನವೂ ಬಡಿಸುತ್ತಾಳೆ. ಅದು ಪ್ರೀತಿಯೋ, ಸೆರೆಯೋ? ಜಾಕ್ಸನ್ ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟಿದ್ದಾರೆ, ಅದೇ ಈ ಕಾದಂಬರಿಯ ನಿಜವಾದ ಶಕ್ತಿ.

ಓದುಗರ ಕಳವಳ ಜಾಕ್ಸನ್‌ಗೆ ಹೊಸದಾಗಿರಲಿಲ್ಲ. 1948ರಲ್ಲಿ ‘ದ ಲಾಟರಿ’ ಕಥೆ ‘ನ್ಯೂಯಾರ್ಕರ್’ನಲ್ಲಿ ಬಂದಾಗ ಆ ಬೇಸಿಗೆಯಲ್ಲೇ 300ಕ್ಕೂ ಹೆಚ್ಚು ಪತ್ರಗಳು ಬಂದಿದ್ದವು. ಕಥೆಯಲ್ಲಿನಂಥ ಊರು ಎಲ್ಲಿದೆ ಎಂದು ಕೇಳಿದವರೂ ಪತ್ರ ಬರೆದವರಲ್ಲಿದ್ದರು.