ಕಸ ಯಾವುದು, ಪೈರು ಯಾವುದು?



ಪುಣೆಯಲ್ಲಿರುವ ನಮಗೆಲ್ಲ ಒಂದು ಗಿಡದ ಪರಿಚಯ ಇದ್ದೇ ಇದೆ. ಮುಠಾ ನದಿಯ ದಂಡೆ, ವೇತಾಳ ಟೇಕಡಿಯ ಕಾಲುದಾರಿ, ಖಾಲಿ ಬಿದ್ದ ಸೈಟು, ಎಲ್ಲೇ ನೋಡಿ, ಮಳೆಗಾಲದಲ್ಲಿ ಬಿಳಿ ಹೂವಿನ ಗಿಡವೊಂದು ಸೊಂಟದೆತ್ತರ ಬೆಳೆದು ನಿಂತಿರುತ್ತದೆ. ನಾವು ಅದನ್ನು ಕಾಂಗ್ರೆಸ್ ಕಸ ಎನ್ನುತ್ತೇವೆ. ಪುಸ್ತಕದಲ್ಲಿ ಅದು ಪಾರ್ಥೇನಿಯಂ. ಅಮೆರಿಕ ಖಂಡದ ಈ ಕಳೆ ನಮ್ಮ ದೇಶದಲ್ಲಿ ಹರಡುತ್ತಿರುವುದನ್ನು 1950ರ ದಶಕದಲ್ಲಿ ಮೊದಲು ಗುರುತಿಸಿದ್ದು ಇದೇ ಪುಣೆಯಲ್ಲಿ. ಮರಾಠಿ ನೆರೆಯವರು ಇದಕ್ಕೆ ‘ಗಾಜರ ಗವತ’ ಎನ್ನುತ್ತಾರೆ, ಅಂದರೆ ಗಜ್ಜರಿ ಹುಲ್ಲು. ಎಳೆಯದಿದ್ದಾಗ ಇದರ ಎಲೆ ಥೇಟ್ ಗಜ್ಜರಿ ಎಲೆಯ ಹಾಗೆಯೇ ಕಾಣುತ್ತದೆ.

ಹಾಗಾದರೆ ಗಜ್ಜರಿ ಹೊಲದಲ್ಲೇ ಇದು ಹುಟ್ಟಿಕೊಂಡರೆ? ಯಾವುದನ್ನು ಕೀಳಬೇಕು, ಯಾವುದನ್ನು ಬಿಡಬೇಕು? ಕಳೆ ತೆಗೆದು ಗೊತ್ತಿದ್ದ ಹೆಂಗಸಿಗೆ ಇದು ಪ್ರಶ್ನೆಯೇ ಅಲ್ಲ. ಆಕೆಯ ಕೈ ತಾನಾಗಿಯೇ ಹೋಗಿ ಸರಿಯಾದ ಗಿಡದ ಬುಡ ಹಿಡಿಯುತ್ತದೆ. ಈಗ ಆ ಕೆಲಸಕ್ಕೆ ಯಂತ್ರ ಬರುತ್ತಿದೆ. ಇವತ್ತಿನ ನನ್ನ ಮಾತು ಆ ಯಂತ್ರದ ಬಗ್ಗೆ, ಮತ್ತು ಆ ಕೈಯ ಬಗ್ಗೆ.

ಮೋಶಿಯಲ್ಲಿ ನಡೆಯುವ ಕಿಸಾನ್ ಪ್ರದರ್ಶನಕ್ಕೆ ನಿಮ್ಮಲ್ಲಿ ಕೆಲವರಾದರೂ ಹೋಗಿರುತ್ತೀರಿ. ಒಮ್ಮೆ ಜತ್ತ ತಾಲೂಕಿನಿಂದ ನನ್ನ ಸೋದರಮಾವ ಮತ್ತು ಅತ್ತಿ ಬಂದಾಗ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಒಂದು ಮಳಿಗೆಯ ಪರದೆಯ ಮೇಲೆ ಕಳೆ ತೆಗೆಯುವ ರೋಬೋಟ್ ಸಾಲುಸಾಲಾಗಿ ಸಾಗುವ ಚಿತ್ರ ಓಡುತ್ತಿತ್ತು. ಮಾವ ಬೆಲೆ ಕೇಳಿದರು. ಅತ್ತಿ ಕೇಳಿದ್ದು ಬೇರೆ. “ಅಲ್ಲವಾ, ಇದಕ್ಕ ಕಸ ಯಾವುದು ಪೈರ ಯಾವುದು ಅಂತ ಯಾರು ಕಲಿಸ್ಯಾರ?”

ಮಳಿಗೆಯ ಹುಡುಗ ಚೆನ್ನಾಗಿಯೇ ವಿವರಿಸಿದ. ಅವನು ಮರಾಠಿಯಲ್ಲಿ ಹೇಳಿದ್ದನ್ನು ನಾನು ಅತ್ತಿಗೆ ಕನ್ನಡದಲ್ಲಿ ಹೇಳಿದೆ. ಅದನ್ನೇ ನಿಮಗೂ ಹೇಳುತ್ತೇನೆ.

ಯಂತ್ರದ ಕಣ್ಣಿನಲ್ಲಿ ಎರಡು ಬಗೆ. ಮೊದಲನೆಯದು ಸಾದಾ ಸೆನ್ಸರ್. ಹಸಿರೆಲೆ ಸೂರ್ಯನ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಬರೀ ಮಣ್ಣು ಹೀಗೆ ಮಾಡುವುದಿಲ್ಲ. ಈ ವ್ಯತ್ಯಾಸ ಅಳೆದು ಸೆನ್ಸರ್ ‘ಇಲ್ಲಿ ಹಸಿರಿದೆ’ ಎಂದು ಹೇಳುತ್ತದೆ, ಕೂಡಲೇ ಔಷಧದ ನಳಿಕೆ ತೆರೆಯುತ್ತದೆ. ಬಿತ್ತದೇ ಬಿಟ್ಟ ಹೊಲಕ್ಕೆ ಇಷ್ಟು ಸಾಕು. ಆದರೆ ಬೆಳೆ ನಿಂತ ಹೊಲದಲ್ಲಿ ಪೈರೂ ಹಸಿರು, ಕಸವೂ ಹಸಿರು. ಅದಕ್ಕಾಗಿ ಎರಡನೆಯ ಬಗೆಯ ಕಣ್ಣು ಬಂತು, ಕ್ಯಾಮೆರಾ ಮತ್ತು ಕಂಪ್ಯೂಟರ್. ಇದಕ್ಕೆ ಮೊದಲು ಸಾವಿರಾರು ಫೋಟೋ ತೋರಿಸಿ, ಇದು ಹತ್ತಿ, ಇದು ಕಸ ಎಂದು ಒಂದೊಂದಕ್ಕೂ ಗುರುತು ಹಾಕಿ ಕಲಿಸಬೇಕು. ಕಲಿತ ಮೇಲೆ ಕಸದ ಮೇಲಷ್ಟೇ ಔಷಧ ಬೀಳುತ್ತದೆ. ಕೆಲವು ಯಂತ್ರಗಳು ಔಷಧದ ಬದಲು ಲೇಸರ್ ಕಿರಣದಿಂದ ಕಸದ ಸುಳಿಯನ್ನೇ ಸುಡುತ್ತವೆ.

ಇದು ದೂರದ ಸುದ್ದಿಯಲ್ಲ. ಅಮೆರಿಕದ ಜಾನ್ ಡಿಯರ್ ಕಂಪನಿ 2017ರಲ್ಲಿ ಇಂಥ ಯಂತ್ರ ಕಟ್ಟುತ್ತಿದ್ದ ಬ್ಲೂ ರಿವರ್ ಎಂಬ ಸಂಸ್ಥೆಯನ್ನು 30 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತು. ನಮ್ಮ ಬೆಂಗಳೂರಿನಲ್ಲಿ 2015ರಲ್ಲಿ ಟಾರ್ಟನ್‌ಸೆನ್ಸ್ ಎಂಬ ಹೆಸರಿನಲ್ಲಿ ಆರಂಭವಾದ ಸಂಸ್ಥೆ ಹತ್ತಿ ಹೊಲದ ಕಳೆಯನ್ನು ಗುರುತಿಸುವ ರೋಬೋಟಿಗಾಗಿ ದುಡಿಯಿತು. ನೀಕೊ ರೋಬೋಟಿಕ್ಸ್ ಎಂಬ ಹೊಸ ಹೆಸರಿನಲ್ಲಿ ಅದು ಟ್ರ್ಯಾಕ್ಟರಿಗೆ ಜೋಡಿಸುವ, ಗಿಡ ನೋಡಿ ಸಿಂಪಡಿಸುವ ಯಂತ್ರ ಮಾಡಿದೆ.

ಇಷ್ಟೆಲ್ಲ ಯಾಕೆ ಬೇಕು ಎಂದು ಕೇಳಬಹುದು. ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯದ ವಿಜ್ಞಾನಿಗಳು 2018ರಲ್ಲಿ ಒಂದು ಲೆಕ್ಕ ಕೊಟ್ಟರು. ಹತ್ತು ಮುಖ್ಯ ಬೆಳೆಗಳಲ್ಲಿ ಕಳೆಯಿಂದ ದೇಶಕ್ಕೆ ಆಗುವ ನಷ್ಟ ವರ್ಷಕ್ಕೆ ಸುಮಾರು 1,100 ಕೋಟಿ ಡಾಲರ್. ಈ ನಷ್ಟವನ್ನು ನಮ್ಮ ಉಳ್ಳಾಗಡ್ಡಿಯಲ್ಲೇ ನೋಡಬಹುದು. ಅದರ ಎಲೆ ಸಣ್ಣದು, ನೆಟ್ಟಗೆ ನಿಲ್ಲುವಂಥದು, ನೆಲಕ್ಕೆ ನೆರಳು ಮಾಡುವುದಿಲ್ಲ. ಹೀಗಾಗಿ ಕಸಕ್ಕೆ ಬೇಕಾದಷ್ಟು ಬಿಸಿಲು. ಮೊದಲ ಕೆಲವು ವಾರ ಕಸ ತೆಗೆಯದಿದ್ದರೆ ಗಡ್ಡೆ ದಪ್ಪವಾಗುವುದೇ ಇಲ್ಲ. ಅದೇ ವಾರಗಳಲ್ಲಿ ಊರಿನವರಿಗೆಲ್ಲ ಆಳು ಬೇಕು, ಆಳು ಮಾತ್ರ ಸಿಗುವುದಿಲ್ಲ. ಯಾಕೆ ಸಿಗುವುದಿಲ್ಲ ಎಂದರೆ, ಆ ಕೈಗಳಲ್ಲಿ ಎಷ್ಟೋ ಕೈಗಳು ಇಲ್ಲಿ ಪುಣೆಯಲ್ಲಿ ಇಟ್ಟಿಗೆ ಹೊರುತ್ತಿವೆ.

ಮತ್ತೆ ಅತ್ತಿಯ ಮಾತಿಗೆ ಬರುತ್ತೇನೆ. ಎಲ್ಲ ಕೇಳಿಸಿಕೊಂಡು ಅವರು, “ಹಂಗಾದ್ರ ನಮ್ಮ ಹೊಲದಾಗಿನ ಹತ್ತರಕಿ ಫೋಟೋ ಅದರಾಗ ಐತೇನು?” ಎಂದರು. ನನಗೆ ನಗು ಬಂತು. ಆಮೇಲೆ ಯೋಚನೆಯೂ ಬಂತು. ಹತ್ತರಕಿ ಜೋಳದ ಹೊಲದಲ್ಲಿ ತಾನಾಗಿ ಹುಟ್ಟುವ ಸೊಪ್ಪು. ಯಂತ್ರದ ಲೆಕ್ಕದಲ್ಲಿ ಅದು ಕಸ. ಅತ್ತಿಯ ಲೆಕ್ಕದಲ್ಲಿ ರೊಟ್ಟಿಯ ಜೊತೆ ಹಸಿದಾಗ ತಿನ್ನುವ ಪಲ್ಲೆ. ಗೋಳಿ ಪಲ್ಲೆಯದೂ ಇದೇ ಕತೆ. ಕಳೆ ತೆಗೆಯಲು ಹೋದ ಹೆಂಗಸು ಸಂಜೆ ಸೆರಗಿನಲ್ಲಿ ಒಂದು ಹೊತ್ತಿನ ಊಟ ಕಟ್ಟಿಕೊಂಡು ಬರುತ್ತಾಳೆ. ಯಾವುದು ಕಸ ಎಂಬುದನ್ನು ಯಾರು ತೀರ್ಮಾನಿಸುತ್ತಾರೆ ಎನ್ನುವ ಪ್ರಶ್ನೆ ಇಲ್ಲೇ ಏಳುತ್ತದೆ.

ನನ್ನ ಬಿ.ಎ. ಪರೀಕ್ಷೆಯ ಫೀ ಹೋದದ್ದು ಅವ್ವನ ಕಳೆ ಕೂಲಿಯಿಂದ. ಆ ಕೂಲಿಯ ಋಣವೂ ನನಗೆ ಗೊತ್ತು, ರಾತ್ರಿ ಅವ್ವ ಸೊಂಟ ಹಿಡಿದುಕೊಂಡು ನರಳಿದ್ದೂ ಗೊತ್ತು. ಆದ್ದರಿಂದ ಯಂತ್ರ ಬರಲೇಬಾರದು ಎಂದು ನಾನು ಹೇಳಲಾರೆ. ಬಂದಾಗ ಅವ್ವನಂಥವರು ಹೊಲದ ಬದುವಿನ ಮೇಲೆ ನಿಂತು ಬರೀ ನೋಡುವಂತಾಗಬಾರದು, ಅಷ್ಟೇ. ಎರಡೆಲೆಯ ಸಸಿ ನೋಡಿಯೇ ಇದು ಇಂಥದ್ದು ಎಂದು ಹೇಳಬಲ್ಲವರು ಅವರು. ಯಂತ್ರಕ್ಕೆ ತೋರಿಸುವ ಫೋಟೋಗಳಿಗೆ ಗುರುತು ಹಾಕಲು ಇವರಿಗಿಂತ ದೊಡ್ಡ ಪಂಡಿತರು ಯಾರಿದ್ದಾರೆ? ಆ ಕೆಲಸಕ್ಕೆ ಅವರನ್ನು ಕರೆಯಬೇಕು, ಅದಕ್ಕೂ ಕೂಲಿ ಕೊಡಬೇಕು.

ಯಂತ್ರ ನಡೆಸುವುದನ್ನೂ ಅವರೇ ಕಲಿಯಬಹುದು. 2023ರಲ್ಲಿ ಕೇಂದ್ರ ಸರಕಾರ ಒಪ್ಪಿದ ‘ನಮೋ ಡ್ರೋನ್ ದೀದಿ’ ಯೋಜನೆ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಔಷಧ ಸಿಂಪಡಿಸುವ ಡ್ರೋನ್ ಕೊಡುವಂಥದು. ಅದರಲ್ಲಿ ಸಂಘದ ಒಬ್ಬ ಸದಸ್ಯೆಗೆ 15 ದಿನಗಳ ತರಬೇತಿ. ಡ್ರೋನ್ ಹಾರಿಸಲು ಕಲಿಯಬಹುದಾದರೆ ನೆಲದ ಮೇಲೆ ಉರುಳುವ ಯಂತ್ರ ಏನು ಮಹಾ? ಕೊಳ್ಳುವ ಶಕ್ತಿ ಇಲ್ಲದವರಿಗೆ ಬಾಡಿಗೆಯ ದಾರಿ ಇದೆ. ಕರ್ನಾಟಕದಲ್ಲಿ 2014ರ ಹೊತ್ತಿಗೆ ಆರಂಭವಾದ ‘ಕೃಷಿ ಯಂತ್ರಧಾರೆ’ ಬಾಡಿಗೆ ಕೇಂದ್ರಗಳು ಇದಕ್ಕೆ ಮಾದರಿ. ಪುಣೆ ಜಿಲ್ಲೆಯಲ್ಲಿ ಬಾರಾಮತಿ ಮತ್ತು ನಾರಾಯಣಗಾಂವ್‌ನಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಬಾರಾಮತಿಯಲ್ಲಂತೂ ಕಬ್ಬಿನ ಹೊಲದ ತೇವ, ಹವೆ ಅಳೆಯುವ ಸೆನ್ಸರ್‌ಗಳನ್ನು ರೈತರ ಕೈಗೆ ಕೊಡುವ ಪ್ರಯೋಗ ನಡೆದಿದೆ. ಊರಿಗೆ ಹೋಗುವ ದಾರಿಯಲ್ಲಿ ಒಮ್ಮೆ ಇಳಿದು ನೋಡಿ, ಸಾಧ್ಯವಾದರೆ ಮನೆಯ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ನಮ್ಮದು. ಇನ್ನು ಮುಂದೆ ಕೈಗೆ ಕೆಸರು ಹತ್ತದೇ ಇರಬಹುದು. ಮೊಸರು ಮಾತ್ರ ದುಡಿದವರ ಬಾಯಿಗೇ ಬರಲಿ.

ನಿಮ್ಮ ಊರ ಹೊಲದಲ್ಲಿ ‘ಕಸ’ವಾಗಿ ಹುಟ್ಟಿ ಅಡುಗೆಮನೆಗೆ ಬರುವ ಸೊಪ್ಪು ಯಾವುದು? ಅದರ ಹೆಸರು ಬರೆದು ಕಳಿಸಿ, ಮುಂದಿನ ಸಲ ಓದುತ್ತೇನೆ.